ಅಡುಗೆಮನೆ ಮೂಲೆಯ ಕಂಬ

ಒಲೆಯ ಬುಡಕ್ಕೆ ಪಡುವಣ ಬದಿಯಿಂದ ಎರಡು ಹೆಂಚಿನ ಚೂರು ಕೊಟ್ಟೆ. ಪಾತ್ರೆಯೊಳಗಿನ ಹಾಲು ಇನ್ನೂ ಓರೆಯಾಗಿಯೇ ನಿಂತಿತ್ತು. ತೆಳ್ಳಗಿನ ಇನ್ನೊಂದು ಚೂರು ಹುಡುಕಿ ಒಳಗೆ ತಳ್ಳಿದೆ. ಹಾಲು ಅಂಚಿಗೆ ಸಮವಾಯಿತು. ಆಮೇಲೆ ನೀರಿನ ಹಂಡೆಗೆ, ಹಿಟ್ಟಿನ ಡಬ್ಬಿಗೆ, ನನ್ನ ಅಜ್ಜಿ ಆಯಿ ಕೂರುವ ಮಣೆಗೆ ಒಂದೊಂದು ಕಟ್ಟಿಗೆಯ ಚಕ್ಕೆ. ಆಯಿ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಎಣ್ಣೆ ಗಾಣಕ್ಕೆ ಹೋಗಿಬರುತ್ತೇನೆಂದು ಹೇಳಿ ಹೊರಟ ಅಡಿವೆಪ್ಪ ಕಾಕಾ ಇಸ್ಪೀಟು ಆಡಲು ಹೋಗಿದ್ದ. ಗಾಣ ಇರುವುದು ಮೂಡಣಕ್ಕೆ. ಮನೆ ವಾಲಿದ್ದು ಪಡುವಣಕ್ಕೆ.

ನಮ್ಮ ಊರಿನ ವಾಡೆಗಳಲ್ಲಿ ಒಂದು ಕಂಬಕ್ಕೆ ಒಬ್ಬರು. ಹುಟ್ಟಿದ ಕೂಸನ್ನು ಖಾಲಿಯಿರುವ ಕಂಬಕ್ಕೆ ಒರಗಿಸುತ್ತಾರೆ, ಮದುವೆಯಾಗಿ ಬಂದ ಸೊಸೆಯನ್ನು ಒರಗಿಸುತ್ತಾರೆ. ಕಂಬ ಒಮ್ಮೆ ಕಿರುಗುಟ್ಟುತ್ತದೆ. ಅಲ್ಲಿಂದ ಮುಂದೆ ಅದು ಅವರದು. ಅವರು ಊರಿನ ಗಡಿಗಲ್ಲು ದಾಟಿ ಯಾವ ದಿಕ್ಕಿಗೆ ಹೋದರೂ ಕಂಬ ಆ ದಿಕ್ಕಿಗೆ ವಾಲುತ್ತದೆ, ತಿರುಗಿ ಬಂದರೆ ನೆಟ್ಟಗಾಗುತ್ತದೆ. ಹೀಗೆ ಯಾಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗುಂಡಗಿನ ಕಾಯಿಪಲ್ಲೆಯನ್ನು ನಾವು ನೆಲದ ಮೇಲೆ ಇಡುವುದಿಲ್ಲ, ಜಾಳಿಗೆಯಲ್ಲಿ ತೂಗುಹಾಕುತ್ತೇವೆ. ಹಾಸಿಗೆಯ ತಲೆದಿಂಬು ಯಾವ ಕಡೆ ಎಂಬುದನ್ನು ಆ ದಿನ ಯಾರು ಊರಲ್ಲಿಲ್ಲ ಎಂಬುದನ್ನು ನೋಡಿ ತೀರ್ಮಾನಿಸುತ್ತೇವೆ. ಹೆಣ್ಣು ನೋಡಲು ಬಂದವರು ಒಳಗೆ ಬರುವ ಮೊದಲು ಬೀದಿಯಲ್ಲಿ ನಿಂತು ಮನೆಯನ್ನು ನೋಡುತ್ತಾರೆ. ಬಹಳ ಕಡೆ ವಾಲಿದ ಮನೆಯಾದರೆ ಚಹಾ ಕುಡಿದು ಎದ್ದುಬಿಡುತ್ತಾರೆ.

ನಮ್ಮದು ಊರಿನಲ್ಲಿ ಎಲ್ಲಕ್ಕಿಂತ ಹಳೆಯ ವಾಡೆ. ಅದರಲ್ಲಿ ಒಂದು ಮೊಳೆಯೂ ಇಲ್ಲ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣಿನ ಮಾಳಿಗೆ. ಎಲ್ಲವೂ ಒಂದರೊಳಗೊಂದು ಕಚ್ಚಿಕೊಂಡು, ಬೆಣೆ ಬಡಿಸಿಕೊಂಡು ನಿಂತಿವೆ. ಗೋಡೆಗಳು ಆಮೇಲೆ ಕಂಬಗಳ ನಡುವೆ ತುಂಬಿದ ಮಣ್ಣು. ಆನೆಯ ಹೊಟ್ಟೆಯಷ್ಟು ದಪ್ಪಗಿದ್ದರೂ ಅವು ಏನನ್ನೂ ಹೊತ್ತಿಲ್ಲ. "ಈ ಮನಿ ಗಂಡಸರಂಗ," ಎಂದು ಆಯಿ ಹೇಳುತ್ತಾಳೆ, ಅವರು ಮನೆಯಲ್ಲಿ ಇಲ್ಲದಾಗ.

ಗಂಡಸರ ಕಂಬಗಳು ಪಡಸಾಲೆಯಲ್ಲಿವೆ. ಸಾಗವಾನಿಯವು, ದುಂಡಗೆ ಕಡೆದವು. ಬುಡದಲ್ಲಿ ಕಮಲ, ನಡುವಿನಲ್ಲಿ ಬಳ್ಳಿ, ಬೋದಿಗೆಯ ಎರಡೂ ಕಡೆ ಗಿಳಿ. ಕಾಕಾನ ಕಂಬದ ಗಿಳಿಗೆ ಕೊಕ್ಕಿಲ್ಲ, ನನ್ನ ಅಣ್ಣ ಬಾಳಪ್ಪನ ಕಂಬದ್ದಕ್ಕೆ ಇದೆ. ಪಡಸಾಲೆಯ ಮೇಲೆ ಮಾಳಿಗೆಯ ಭಾರವಿಲ್ಲ, ಬರಿಯ ತಗಡು. ಕಾಕಾ ಇಸ್ಪೀಟಿಗೆ ಹೋದರೆ ಹಾಲು ಓರೆಯಾಗುತ್ತದೆ. ಎತ್ತಿನ ವ್ಯಾಪಾರದ ಅಣ್ಣ ಯಾವ ಸಂತೆಗೆ ಹೋದರೂ ಜಮಖಾನೆ ಒಂದು ಮೂಲೆಗೆ ಸರಿಯುತ್ತದೆ. ಅಷ್ಟೇ. ಹೆಂಗಸರ ಕಂಬಗಳು ನಡುಮನೆಯಿಂದ ಹಿಂದಕ್ಕೆ. ಚೌಕಾದವು, ಹೊಗೆ ಕುಡಿದು ಕರ್ರಗಾದವು, ಗಿಳಿಯಿಲ್ಲದವು. ಮನೆಯ ಭಾರವೆಲ್ಲ ಅವುಗಳ ಮೇಲಿದೆ.

ನನ್ನದು ಅಡುಗೆಮನೆ ಮೂಲೆಯದು. ನಡುಮನೆಯ ದೊಡ್ಡ ತೊಲೆಯ ಒಂದು ತುದಿ ಕೂತಿರುವುದು ಅದರ ಮೇಲೆ. ನಾನು ಹುಟ್ಟಿದಾಗ ಖಾಲಿಯಿದ್ದದ್ದು ಅದೊಂದೇ. ಫಕೀರವ್ವ ಎಂದು ನನ್ನ ಹೆಸರು ಕರೆಯುವುದಕ್ಕೂ ಮೊದಲು ನನ್ನನ್ನು ಅದಕ್ಕೆ ಒರಗಿಸಿದರಂತೆ.

ಸಾಲೆ ಹಳ್ಳದ ಆಚೆ, ಗಡಿಗಲ್ಲು ದಾಟಿ ಹೋಗಬೇಕು. ನಾನು ಹೋದಾಗಲೆಲ್ಲ ಕಂಬ ಬಡಗಣಕ್ಕೆ ವಾಲುತ್ತಿತ್ತು, ದೊಡ್ಡ ತೊಲೆ ಒಂದು ಬೆರಳು ಇಳಿಯುತ್ತಿತ್ತು, ಆಯಿಯ ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ನಾನು ಬರುವವರೆಗೆ ಆಯಿ ಒಳಗೇ ಇರಬೇಕು, ಇಲ್ಲವೇ ಹೊರಗೇ ಇರಬೇಕು. ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಬೇಸಗೆಯ ದಿನ ಅವಳು ನೀರಿನ ತಂಬಿಗೆ ತೆಗೆದುಕೊಳ್ಳದೆ ಒಳಗೆ ಹೋಗಿದ್ದಳು. ನಾನು ಬಂದಾಗ ಬಾಗಿಲ ಸಂದಿಗೆ ಬಾಯಿ ಹಚ್ಚಿ ಕೂತಿದ್ದಳು. ಮರುದಿನದಿಂದ ನಾನು ಸಾಲೆಗೆ ಹೋಗಲಿಲ್ಲ. ಮಾಸ್ತರರು ಮನೆಯವರೆಗೂ ಬಂದು ಹುಡುಗಿ ಜಾಣೆ, ಕಳಿಸಿ ಎಂದರು.

"ಆತ್ರಿ ಮಾಸ್ತರ, ಕಳಸತೇನಿ," ಎಂದ ಕಾಕಾ. "ಆಕಿ ಅಲ್ಲಿ ಪಾಠಾ ಕಲಿಯೂತನಕ ನೀವು ಇಲ್ಲಿ ಬಂದು ತೊಲಿ ಹಿಡಕೊಂಡು ನಿಂದರ್ರಿ."

ಮಾಸ್ತರರು ನಕ್ಕು ಹೋದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ನನಗೆ ಜನರೆದುರು ಬಾಯಿ ಬರುವುದಿಲ್ಲ, ಬಾಗಿಲ ಹಿಂದೆ ಎಲ್ಲ ಬರುತ್ತದೆ.

ಹಾಗೆಂದು ಕಂಬವನ್ನು ಇನ್ನೊಬ್ಬರಿಗೆ ಕೊಡಲಾಗುವುದಿಲ್ಲವೆಂದಲ್ಲ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳೆಲ್ಲ ಕೊಟ್ಟೇ ಹೋಗುವುದು. ಕೊಡುವವಳು ಕಂಬದ ಒಂದು ಬದಿಗೆ ಬೆನ್ನು ಕೊಟ್ಟು ಕೂರಬೇಕು, ತೆಗೆದುಕೊಳ್ಳುವವರು ಇನ್ನೊಂದು ಬದಿಗೆ. ಇಬ್ಬರ ಬಾಯಲ್ಲೂ ಒಂದು ತುಂಡು ಬೆಲ್ಲ. ಬೆಲ್ಲ ಕರಗುವಷ್ಟರಲ್ಲಿ ಕಂಬ ಕಿರುಗುಟ್ಟುತ್ತದೆ. ಕೊಟ್ಟವಳು ಎದ್ದು ಹೋಗಬಹುದು. ಇಷ್ಟೇ. ಒಬ್ಬರು ಎರಡು ಕಂಬದವರೆಗೆ ಇಟ್ಟುಕೊಳ್ಳಬಹುದು, ಮೂರನೆಯದು ಹಿಡಿಯುವುದಿಲ್ಲ. ಆಯಿಗೆ ಆಗಲೇ ಎರಡಿವೆ, ಅವಳದೊಂದು, ತೀರಿಹೋದ ನನ್ನವ್ವನದೊಂದು. ಉಳಿದವರಿಗೆಲ್ಲ ಒಂದೊಂದೇ.

ಹೊಳೆಯಾಚೆಯ ಊರಿನ ಗಂಗಮಾಳವ್ವ ಎಂಬವಳು ಕೌದಿ ಹೊಲಿಸಿ ಮಾರುತ್ತಾಳೆ. ಕಳೆದ ಬೇಸಗೆಯಲ್ಲಿ ಹಳೆಯ ಸೀರೆ ಕೊಳ್ಳಲು ನಮ್ಮ ಓಣಿಗೆ ಬಂದವಳು ಆಯಿಯ ಕೌದಿಯನ್ನು ತಿರುವಿ ನೋಡಿ, ಈ ಹೊಲಿಗೆ ಯಾರದ್ದು ಎಂದು ಕೇಳಿದಳು. ಆಯಿ ನನ್ನ ಕಡೆ ಗದ್ದ ತೋರಿಸಿದಳು. ನಾನು ಒಲೆಯ ಕಡೆ ತಿರುಗಿದೆ.

"ಬರ್ತೀ ಏನವಾ ನನ್ನಲ್ಲಿ?" ಎಂದಳು ಗಂಗಮಾಳವ್ವ ನನ್ನ ಬೆನ್ನಿಗೆ. "ಉಣ್ಣಾಕ ಐತಿ, ಮಲಗಾಕ ಐತಿ. ನಾಕ ಮಂದಿ ಹೆಣ್ಣಮಕ್ಕಳು ಅದಾರ. ಸೀಗಿ ಹುಣ್ಣಿವಿ ಆದಮ್ಯಾಲ ಗಾಡಿ ಕಳಸತೇನಿ. ಆ ಗಾಡ್ಯಾಗ ನೀ ಬರಲಿಲ್ಲಂದ್ರ ಇನ್ನೊಬ್ಬಾಕಿನ್ನ ಕರಕೊಂತೇನಿ. ನನಗೂ ಕೆಲಸ ನಡೀಬೇಕಲ್ಲ."

ಅವಳ ಮನೆ ಇಟ್ಟಿಗೆಯದಂತೆ, ಮೇಲೆ ಸಿಮೆಂಟಿನ ಶೀಟು. ಒಂದೂ ಕಂಬವಿಲ್ಲ. ನಾನು ಎಲ್ಲಿಗೆ ಹೋದರೂ ಬಂದರೂ ತನಗೆ ಗೊತ್ತೇ ಆಗದ ಮನೆಯೊಂದರಲ್ಲಿ ಮಲಗುವುದು ಹೇಗಿರುತ್ತದೆ ಎಂದು ಆ ರಾತ್ರಿಯಿಡೀ ಯೋಚಿಸಿದೆ. ಬೆಳಗ್ಗೆ ಎದ್ದು, ಬಾಯಿಗೆ ಬಂದದ್ದು ವಾಪಸು ಹೋಗುವ ಮೊದಲೇ ಹೇಳಿಬಿಟ್ಟೆ.

"ಕಾಕಾ, ನಾ ಕೌದಿ ಹೊಲಿಯಾಕ ಹೋಗತೇನ್ರಿ. ನನ್ನ ಕಂಬ ಯಾರರ ತಗೋಬೇಕು."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗವಾ, ಯಾರು ಬ್ಯಾಡಂದಾರ," ಎಂದ. "ತಗೊಳ್ಳೂಣು. ಅದೇನ ದೊಡ್ಡ ಮಾತು? ಬೆಲ್ಲ ತಿನ್ನೂ ಕೆಲಸ."

ಆ ಬೆಲ್ಲ ತಿನ್ನುವ ಕೆಲಸಕ್ಕೆ ನಾನು ಬೇಸಗೆ ಕಳೆದು ಮಳೆಗಾಲವಿಡೀ ಕಾದೆ. ಕಾಕಾನಿಗೆ ಮೊದಲು ಸೊಂಟ ಹಿಡಿಯಿತು, ಕೆಳಗೆ ಕೂರಲಾಗದು. ಸೊಂಟ ಬಿಟ್ಟ ದಿನವೇ ಇಸ್ಪೀಟಿಗೆ ಹೋದ, ಅಲ್ಲಿ ಕೆಳಗೇ ಕೂತು ಆಡುತ್ತಾರೆ. ಅಣ್ಣ ಬಾಳಪ್ಪ ಸಂತೆಯಿಂದ ಬಂದವನು, "ನಾ ತಗೊಂಡ್ರ ವ್ಯಾಪಾರ ಯಾರು ಮಾಡತಾರ? ನಾ ದಿನಾ ಒಂದೊಂದ ಊರಾಗ ಇರಾಂವ. ನಿನ್ನ ಕಂಬ ನನ್ನ ಸಂಗಾಟ ಗಾಣದ ಎತ್ತಿನಂಗ ಗಿರಗಿರ ತಿರಗತದ," ಎಂದು ತನ್ನ ಮಾತಿಗೆ ತಾನೇ ನಕ್ಕ. ಅವನ ಹೆಂಡತಿ ಕಸ್ತೂರಿ ವೈನಿ ಆಗ ಬಸುರಿ. ಅವಳು ನಗಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ರೊಟ್ಟಿ ಬಡಿಯುತ್ತ, "ನನಗ ತವರಿಗೆ ಹೋಗೂದದ," ಎಂದಳು. ಅದೂ ಸರಿಯೇ. ಅಡುಗೆಮನೆಯ ಕಂಬ ಹಿಡಿದವಳು ಬಾಣಂತನಕ್ಕೆ ತವರಿಗೆ ಹೋಗುವುದುಂಟೇ?

ಈ ನಡುವೆ ಹಳೆಯ ಮನೆಗಳ ಚಿತ್ರ ಬರೆಯುವ ಒಬ್ಬ ದೂರದೂರಿನವನು ಬಂದ. ಕಾಕಾ ಅವನನ್ನು ಪಡಸಾಲೆಯಲ್ಲಿ ಇಳಿಸಿಕೊಂಡ. ಚಿತ್ರ ಮುಗಿಯುವವರೆಗೆ ಯಾರೂ ಊರು ಬಿಡಕೂಡದೆಂದು ಕಟ್ಟಪ್ಪಣೆಯಾಯಿತು, ಮನೆ ನೆಟ್ಟಗಿರಬೇಕಲ್ಲ. ಆ ಮನುಷ್ಯ ಬಹಳ ಒಳ್ಳೆಯವನು. ಒಂದೊಂದು ಬೋದಿಗೆಯನ್ನೂ ಮುಟ್ಟಿ ಮುಟ್ಟಿ ನೋಡಿದ. ಗಿಳಿಗಳನ್ನು ಬರೆದ, ಬೆಣೆಗಳನ್ನು ಬರೆದ, ಬೆಳಕಿಂಡಿಯಿಂದ ಬೀಳುವ ಬಿಸಿಲನ್ನೂ ಬರೆದ. ಅಡುಗೆಮನೆಗೆ ಬಂದು ನನ್ನ ಕಂಬದ ಮುಂದೆ ಬಹಳ ಹೊತ್ತು ನಿಂತ. ದೊಡ್ಡ ತೊಲೆಯ ತುದಿ ಕಂಬದ ತಲೆಯೊಳಗೆ ನಾಲಗೆಯ ಹಾಗೆ ಹೊಕ್ಕಿರುವ ಜಾಗವನ್ನು ಏಣಿ ಹತ್ತಿ ನೋಡಿ ಇಳಿದ.

"ಈ ಮನಿ ಜೀವಾ ಈ ಕಂಬದಾಗ ಐತ್ರಿ," ಎಂದ ಕಾಕಾನಿಗೆ. "ಇದನ್ನ ಮಾತ್ರ ಹಂಗ ಕಾಪಾಡಿಕೊಂಡು ಹೋಗ್ರಿ."

"ಹೌದ್ರಿ ಹೌದ್ರಿ, ನಮ್ಮ ಹಿರೇರು ಮಾಡಿಟ್ಟದ್ದು," ಎಂದು ಕಾಕಾ ನನ್ನ ಕಂಬವನ್ನು ತಟ್ಟಿದ. ಅವನು ಅದನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಗಾದರೆ ಇಲ್ಲೇ ಕೂತುಬಿಡು ಮಾರಾಯ, ಬೆಲ್ಲ ತರುತ್ತೇನೆ ಎಂದು ಹೇಳಬೇಕೆನಿಸಿತು. ಚಹಾ ಕೊಟ್ಟೆ. ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಕಾಕಾ ಊರಲ್ಲಿಲ್ಲದಾಗ ಅದು ಗೋಡೆಯಿಂದ ಒಂದು ಗೇಣು ಹೊರಕ್ಕೆ ಜೋತು ನಿಲ್ಲುತ್ತದೆ.

ಜೋಳ ಮೊಳಕಾಲೆತ್ತರ ಬಂದಾಗ ನಾನು ಮತ್ತೆ ಕೇಳಿದೆ. ಈ ಸಲ ಊಟಕ್ಕೆ ಎಲ್ಲರೂ ಕೂತಿದ್ದಾಗ, ಸಾರು ಬಡಿಸುವ ಸೌಟು ಕೈಯಲ್ಲಿರುವಾಗಲೇ ಕೇಳಿದೆ. ಸಾರು ಬೇಕಾದವರು ಎದ್ದು ಹೋಗಲಾರರು.

"ಸೀಗಿ ಹುಣ್ಣಿವಿ ಬಂತ್ರಿ ಕಾಕಾ."

"ನಾ ಒಂದ ವಿಚಾರ ಮಾಡೇನಿ," ಎಂದ ಕಾಕಾ ರೊಟ್ಟಿ ಮುರಿಯುತ್ತ. "ಕಸ್ತೂರಿದು ಹೆರಿಗಿ ಆಗತೈತಿ. ಹುಟ್ಟೂ ಕೂಸಿಗೆ ಹೆಂಗೂ ಒಂದ ಕಂಬ ಬೇಕಽ ಬೇಕು. ನಿನ್ನದಽ ಕೊಟ್ರಾತು. ನೀ ಹೋಗು, ಕೂಸು ಇರತೈತಿ. ಯಾರಿಗೂ ಎರಡ ಬ್ಯಾಡ, ಯಾರಿಗೂ ತ್ರಾಸಿಲ್ಲ."

"ಗಂಡು ಹುಟ್ಟಿದ್ರ?" ಎಂದಳು ಆಯಿ.

"ಗಂಡು ಹುಟ್ಟಿದ್ರ ಅಡಗಿಮನಿ ಕಂಬ ಯಾಕ ಕೊಡೂಣು? ಪಡಸಾಲ್ಯಾಗ ನಮ್ಮಪ್ಪನ ಕಂಬ ಖಾಲಿ ಐತಲ್ಲ. ಹಂಗಾದ್ರ ಮತ್ತ ನೋಡೂಣು."

ಎಲ್ಲರಿಗೂ ಹಗುರಾಯಿತು; ಬಾಳಪ್ಪ ಎರಡು ಸಲ ಸಾರು ಹಾಕಿಸಿಕೊಂಡ. ನಿಜ ಹೇಳಬೇಕೆಂದರೆ ನನಗೂ ಹಗುರಾಯಿತು. ಅಷ್ಟು ದಿನ ಒಬ್ಬೊಬ್ಬರ ಹಿಂದೆ ತಿರುಗಿ ನನಗೆ ಸಾಕಾಗಿತ್ತು. ಅವತ್ತಿನಿಂದ ವೈನಿಯ ಊಟ, ಔಷಧ, ಕಾಲು ಒತ್ತುವುದು ಎಲ್ಲ ನಾನೇ ನೋಡಿಕೊಂಡೆ. ತವರಿನವರು ಕರೆಯಲು ಬಂದಾಗ, ಕೂಸು ಇಲ್ಲೇ ಹುಟ್ಟಲಿ ಎಂದು ಕಾಕಾ ಅವರಿಗೆ ಸಿಹಿಯಾಗಿ ಹೇಳಿ ಕಳಿಸಿದ. ವೈನಿ ಆ ದಿನ ಸಂಜೆಯವರೆಗೆ ಹಿತ್ತಲಲ್ಲಿ ಒಬ್ಬಳೇ ಕೂತಿದ್ದಳು. ಬಾಗಿಲ ಹಿಂದಿನಿಂದ ನಾನು ನೋಡಿದೆ. ಹೆಣ್ಣು ಹುಟ್ಟಲಿ ಎಂದು ನಾನೂ ಬೇಡಿಕೊಂಡೆ, ದೇವರ ಜಗುಲಿಗೆ ದಿನಾ ಒಂದು ಹೂ ಹೆಚ್ಚಿಗೆ ಇಟ್ಟೆ.

ಹೆಣ್ಣೇ ಹುಟ್ಟಿತು. ಕೂದಲು ದಟ್ಟ, ಬಣ್ಣ ಕಪ್ಪು. ಅತ್ತರೆ ಇಡೀ ಓಣಿಗೆ ಕೇಳಿಸುವ ಗಂಟಲು. ಆ ಗಂಟಲು ನಮ್ಮ ಮನೆಯ ಯಾವ ಹೆಂಗಸಿಗೂ ಇಲ್ಲ. "ಇದು ಯಾರಂಗ ಹುಟ್ಟೇತವಾ," ಎಂದು ಆಯಿ ನಕ್ಕಳು. ಕೂಸನ್ನು ಎತ್ತಿಕೊಂಡರೆ ಅದು ನನ್ನ ಮುಖ ನೋಡುತ್ತಿರಲಿಲ್ಲ, ಹೆಗಲ ಮೇಲಿಂದ ಬಾಗಿಲ ಕಡೆಗೇ ನೋಡುತ್ತಿತ್ತು.

ಹುಣ್ಣಿಮೆ ಕಳೆದು ಗಾಡಿ ಬಂದಿತು. ಗಂಗಮಾಳವ್ವ ತನ್ನ ತಮ್ಮನನ್ನು ಕಳಿಸಿದ್ದಳು. ಅವನು ಅಂಗಳದಲ್ಲಿ ಎತ್ತು ಬಿಚ್ಚದೆ ನಿಂತು, ಹೊಳೆ ದಾಟುವ ಹೊತ್ತಿಗೆ ಬೆಳಕಿರಬೇಕು, ಲಗೂನ ಬರ್ರಿ ಎಂದು ಕೂಗಿದ. ನನ್ನ ಗಂಟು ಬಾಗಿಲಲ್ಲಿತ್ತು. ಅದರಲ್ಲಿ ಎರಡು ಸೀರೆ, ಸೂಜಿ ಡಬ್ಬಿ, ಆಯಿ ಕೊಟ್ಟ ಬೆಳ್ಳುಳ್ಳಿ ಚಟ್ನಿ. ಅಡುಗೆಮನೆಯಲ್ಲಿ ಎಲ್ಲರೂ ಸೇರಿದ್ದರು. ಕಾಕಾ ತಲೆಗೆ ಪಟಗಾ ಸುತ್ತಿಕೊಂಡು ಬಂದಿದ್ದ. ಬಾಳಪ್ಪ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ. ನಾನು ಕಂಬದ ಈ ಬದಿ ಬೆನ್ನು ಕೊಟ್ಟು ಕೂತೆ. ಆಯಿ ನನ್ನ ಬಾಯಿಗೆ ಬೆಲ್ಲದ ತುಂಡು ಹಾಕಿದಳು.

"ಕೂಸಿನ್ನ ತಾ," ಎಂದ ಕಾಕಾ.

ವೈನಿ ಮಗುವನ್ನು ತಂದಳು. ಕೊಡುವಾಗ ಅವಳ ಕೈ ಒಂದು ಕ್ಷಣ ಬಿಡಲಿಲ್ಲ; ಆಮೇಲೆ ಬಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಆಯಿ ಕೂಸಿನ ತುಟಿಗೆ ಬೆಲ್ಲದ ನೀರು ಸವರಿ, ಅದರ ಬೆನ್ನನ್ನು ಕಂಬದ ಆ ಬದಿಗೆ ಒತ್ತಿ ಹಿಡಿದಳು. ನನಗೆ ಕಾಣುತ್ತಿರಲಿಲ್ಲ. ಕಂಬದ ಆಚೆ ಅದು ಬೆಲ್ಲ ಚೀಪುವ ಸದ್ದು ಮಾತ್ರ ಕೇಳುತ್ತಿತ್ತು. ತಲೆಯ ಮೇಲೆ ಕಟ್ಟಿಗೆ ಮೆಲ್ಲಗೆ ಬಿಗಿಯತೊಡಗಿತು. ಕಿರುಗುಟ್ಟುವ ಮೊದಲು ಕಂಬ ಹಾಗೆ ಉಸಿರು ಹಿಡಿಯುತ್ತದೆ.

"ಆತು, ಆತು," ಎಂದ ಕಾಕಾ. "ಇನ್ನ ಇಪ್ಪತ್ತ ವರ್ಷ ನಮಗ ಕಾಳಜಿ ಇಲ್ಲ."

ಅದನ್ನು ಅವನು ಸಂತೋಷದಿಂದ ಹೇಳಿದ. ತಪ್ಪು ಮಾತು ಎಂದು ಅವನಿಗೆ ಅನಿಸಲಿಲ್ಲ, ಮನೆ ರಿಪೇರಿಯ ಮಾತು ಆಡುವ ಹಾಗೆ ಆಡಿದ. ನಾನು ಬಾಯಿಯ ಬೆಲ್ಲವನ್ನು ಕೈಗೆ ಉಗುಳಿ ಎದ್ದೆ. ಕಂಬ ಸುತ್ತಿ ಹೋಗಿ ಆಯಿಯ ಕೈಯಿಂದ ಕೂಸನ್ನು ಎತ್ತಿಕೊಂಡೆ. ತಲೆಯ ಮೇಲಿನ ಕಟ್ಟಿಗೆ ಸಡಿಲಾಯಿತು.

"ಏನಾತು?" ಎಂದ ಬಾಳಪ್ಪ.

ನಾನು ಕೂಸನ್ನು ವೈನಿಗೆ ಕೊಟ್ಟೆ. ಅವಳು ಅದನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು, ಕಂಬಕ್ಕಲ್ಲ, ಗೋಡೆಗೆ.

"ಕೂಸಿಗೆ ಬ್ಯಾಡ," ಎಂದೆ.

"ನಿನಗೇನ ಹುಚ್ಚ ಹಿಡದೈತೇನು?" ಎಂದ ಕಾಕಾ. "ಬ್ಯಾಸಗಿಯಿಂದ ನಮ್ಮ ಜೀವಾ ತಿಂದಿ. ಕಂಬಾ ತಗೋರಿ ಕಂಬಾ ತಗೋರಿ ಅಂತ. ಈಗ ತಗೊಳ್ಳಾಕ ಒಬ್ಬಾಕಿ ಸಿಕ್ಕಾಳ, ಬ್ಯಾಡ ಅಂತೀ?"

"ಆಕಿ ತಗೊಂಡಿಲ್ರಿ. ನೀವು ಹೊರಸಾಕತ್ತೀರಿ."

"ನಿನಗ ಹೊರಸಲಿಲ್ಲೇನು? ನೀ ಏನ ಸತ್ತಿ?"

ಸತ್ತಿಲ್ಲ, ನಿಜ. ಆಯಿ ತನ್ನ ಎರಡು ಕೈಗಳನ್ನೂ ನೋಡಿಕೊಳ್ಳುತ್ತ ಕೂತಿದ್ದಳು. "ಮೂರನೇದು ಹಿಡಿಯೂದಿಲ್ಲಲ್ಲ ಮಗಳ," ಎಂದಳು ಮೆಲ್ಲಗೆ, ನಾನು ಅವಳನ್ನೇ ಕೇಳಿದೆನೋ ಎನ್ನುವ ಹಾಗೆ. "ಹಿಡಿತಿದ್ರ ನಾ ಎಂದೋ ಕುಂದರತಿದ್ನಿ."

"ನಿನಗಲ್ಲ ಆಯಿ," ಎಂದೆ.

ಅಂಗಳದಿಂದ ಗಾಡಿಯವನು ಮತ್ತೆ ಕೂಗಿದ. ಬಾಳಪ್ಪ ಹೊರಗೆ ಇಣುಕಿ, ಬಂದ್ರು ಬಂದ್ರು, ತುಸು ತಡೀರಿ ಎಂದು ಹೇಳಿ, ತಿರುಗಿ ನನ್ನ ಕಡೆ ನೋಡಿ, "ಅವಂಗರ ಏನ ಹೇಳೂಣವಾ? ಹೋಗತೀಯೋ ಇಲ್ಲೋ ಒಂದ ಹೇಳಿಬಿಡು," ಎಂದ, ತೀರ್ಮಾನ ನನ್ನ ಕೈಯಲ್ಲೇ ಇದ್ದ ಹಾಗೆ. ಹಾಗೇ ಎದ್ದು ಗಾಡಿ ಹತ್ತಬಹುದಿತ್ತು. ಹೊಳೆ ಮುಟ್ಟುವ ಮೊದಲೇ ತೊಲೆ ಇಳಿಯುತ್ತಿತ್ತು. ಒಂದು ಬೆರಳಲ್ಲ, ಹೊಳೆಯಾಚೆಯಷ್ಟು ದೂರಕ್ಕೆ ಅದು ಎಷ್ಟು ಇಳಿಯುತ್ತದೆಂದು ಯಾರೂ ನೋಡಿಲ್ಲ. ಅದರ ಕೆಳಗೆ ಆಯಿ ಮಲಗುತ್ತಾಳೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿದ್ದರಿಂದಲೇ ಇಷ್ಟು ದಿನ ಯಾರಿಗೂ ಅವಸರವಿರಲಿಲ್ಲ.

ನಾನು ತಿರುಗಿ ನನ್ನ ಬದಿಗೆ ಹೋಗಿ ಕೂತೆ. ಬೆನ್ನು ಕಂಬಕ್ಕೆ ಕೊಟ್ಟೆ. ಕೈಯಲ್ಲಿದ್ದ ಬೆಲ್ಲವನ್ನು ಮತ್ತೆ ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡೆ. ಬಾಯಲ್ಲಿ ಬೆಲ್ಲವಿದ್ದರೆ ಮಾತಾಡುವಂತಿಲ್ಲ. ಆಯಿಯ ಪಕ್ಕದ ತಟ್ಟೆಯಲ್ಲಿ ಇನ್ನೂ ತುಂಡುಗಳಿದ್ದವು. ತಟ್ಟೆಯನ್ನು ಕಂಬದ ಆ ಬದಿಗೆ ಸರಿಸಿದೆ.

"ದೊಡ್ಡವರು ಯಾರರ ಒಬ್ಬರು ಕುಂದರ್ರಿ," ಎಂದೆ.

ಕಾಕಾ ಪಟಗಾ ಬಿಚ್ಚಿ, ಮತ್ತೆ ಸುತ್ತತೊಡಗಿದ. ಅದೇನೂ ಸಡಿಲಾಗಿರಲಿಲ್ಲ. ಬಾಳಪ್ಪ ಚೌಕಟ್ಟಿನ ಕಟ್ಟಿಗೆಯನ್ನು ಉಗುರಿನಿಂದ ಕೆರೆದು ನೋಡಿದ, ಹುಳ ಬಿದ್ದಿದೆಯೋ ಎಂದು ಪರೀಕ್ಷಿಸುವವನ ಹಾಗೆ. ವೈನಿ ಕೂಸಿನ ತಲೆಯ ಮೇಲೆ ಗದ್ದವಿಟ್ಟು, ಒಂದು ಸಲ ತಟ್ಟೆಯನ್ನು, ಒಂದು ಸಲ ತನ್ನ ಗಂಡನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಹೊರಗೆ ಗಾಡಿಯವನು ಎತ್ತುಗಳನ್ನು ತಿರುಗಿಸುತ್ತಿರುವ ಸದ್ದು ಕೇಳಿತು. ನೊಗದ ಗೆಜ್ಜೆ ಒಮ್ಮೆ ಅಂಗಳದ ಆ ಕಡೆ, ಒಮ್ಮೆ ಊರ ಅಗಸೆಬಾಗಿಲ ಕಡೆ.

ನಾನು ಇನ್ನೊಂದು ಸಲ ಕೇಳಿದೆ. ಈ ಸಲ ಯಾರ ಮುಖವನ್ನೂ ನೋಡದೆ, ಎದುರಿನ ಒಲೆಯನ್ನು ನೋಡುತ್ತ, ಹಿತ್ತಲಿಗೂ ಪಡಸಾಲೆಗೂ ಕೇಳುವ ಹಾಗೆ ಕೇಳಿದೆ.

"ಯಾರರ ಬಂದು ಈ ಕಂಬಕ್ಕ ಬೆನ್ನು ಕೊಟ್ಟು ಕುಂದರ್ರಿ."